ನೀರಿದೆ, ಮಣ್ಣಿದೆ, ಆದರೂ ಬೆಳೆ ನಿಲ್ಲದ ಊರು: ಕುನುನುರಾದ 60 ವರ್ಷ

2025ರಲ್ಲಿ ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಕುನುನುರಾ ಎಂಬ ಸಣ್ಣ ಊರಿನ ಹತ್ತಿರ ಹತ್ತಿಯಿಂದ ಕಾಳು ಬೇರ್ಪಡಿಸುವ ಒಂದು ಜಿನ್ನಿಂಗ್ ಮಿಲ್ ಕೆಲಸ ಶುರು ಮಾಡಿತು. ರಾಯಚೂರು, ಗದಗ ಕಡೆಯವರಿಗೆ ಜಿನ್ನಿಂಗ್ ಮಿಲ್ ಅಂದರೆ ದೊಡ್ಡ ಸುದ್ದಿಯೇನಲ್ಲ. ಆದರೆ ಕುನುನುರಾದ ಮಟ್ಟಿಗೆ ಇದು ದೊಡ್ಡ ಸುದ್ದಿ. ಯಾಕೆಂದರೆ ಆ ಊರನ್ನು ಕಟ್ಟಿದ್ದೇ ಹತ್ತಿ ಬೆಳೆಯೋಣ ಅಂತ. ಬೆಳೆದರು, ಹನ್ನೊಂದೇ ವರ್ಷದಲ್ಲಿ ಕೈಸುಟ್ಟುಕೊಂಡು ಬಿಟ್ಟರು. ಆಮೇಲೆ ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು, ಅದೂ ಮುಚ್ಚಿತು. ಅದರ ಬೆನ್ನಿಗೆ ಬಂದದ್ದು ನಮ್ಮದೇ ಶ್ರೀಗಂಧ. ಸಾವಿರಾರು ಹೆಕ್ಟೇರ್ ಗಂಧದ ತೋಪು ಎದ್ದಿತು, ಅದನ್ನು ಬೆಳೆಸಿದ ದೊಡ್ಡ ಕಂಪನಿ ಎರಡು ಸಲ ದಿವಾಳಿಯಂಚಿಗೆ ಹೋಯಿತು. ಈಗ ಮತ್ತೆ ಹತ್ತಿ.

ನೀರಾವರಿಗೆಂದೇ ಹುಟ್ಟಿದ ಒಂದು ಊರಿಗೆ ಅರವತ್ತು ವರ್ಷವಾದರೂ ಒಂದು ಬೆಳೆ ಯಾಕೆ ಗಟ್ಟಿಯಾಗಿ ನಿಲ್ಲಲಿಲ್ಲ? ನೀರಿನ ಕೊರತೆಯಿಂದ ಅಂತ ಯಾರಾದರೂ ಊಹಿಸಿದರೆ ಅದು ತಪ್ಪು. ಕುನುನುರಾದಲ್ಲಿ ನೀರು ಬೇಕಾದಷ್ಟಿದೆ, ಬೇಕಾದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿಯೇ ಇದೆ. ನನ್ನ ಲೆಕ್ಕದಲ್ಲಿ ಈ ಊರಿನ ಕಷ್ಟ ಶುರುವಾದದ್ದೇ ಅಲ್ಲಿ. ಮೊದಲು ನೀರು ಕಟ್ಟಿದರು, ಅದಕ್ಕೆ ಬೆಳೆ, ಮಾರುಕಟ್ಟೆ, ಜನ ಎಲ್ಲವನ್ನೂ ಆಮೇಲೆ ಹುಡುಕಿದರು. ಆ ಹುಡುಕಾಟ ಇನ್ನೂ ಮುಗಿದಿಲ್ಲ.

ಊರು ಎಲ್ಲಿದೆ ಅನ್ನುವುದನ್ನು ಮೊದಲು ನೋಡೋಣ. ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಉತ್ತರ ತುದಿಗೆ ಕಿಂಬರ್ಲಿ ಎಂಬ ಪ್ರದೇಶ. ಅದರ ಪೂರ್ವ ಅಂಚಿನಲ್ಲಿ ಕುನುನುರಾ. ನಾರ್ದರ್ನ್ ಟೆರಿಟರಿಯ ಗಡಿ ಐವತ್ತು ಕಿಲೋಮೀಟರ್ ಒಳಗೇ ಇದೆ. ತನ್ನದೇ ರಾಜ್ಯದ ರಾಜಧಾನಿ ಪರ್ತ್‌ಗೆ ರಸ್ತೆಯಲ್ಲಿ 3,000 ಕಿಲೋಮೀಟರಿಗೂ ಹೆಚ್ಚು. ಪಕ್ಕದ ಡಾರ್ವಿನ್ 800 ಕಿಲೋಮೀಟರ್ ಆಚೆ. ಜನಸಂಖ್ಯೆ 5,000ದ ಆಸುಪಾಸು. ನಮ್ಮ ಕಡೆ ಒಂದು ದೊಡ್ಡ ಹಳ್ಳಿಯಲ್ಲಿ ಇರುವಷ್ಟು ಜನ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆಗಾಲ, ಉಳಿದ ತಿಂಗಳು ಮಳೆ ತೀರಾ ಅಪರೂಪ. ಮಳೆ ಜೋರಾಗುವ ಮುಂಚಿನ ಅಕ್ಟೋಬರ್, ನವೆಂಬರ್‌ಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು.

ಊರಿನ ಪಕ್ಕದಲ್ಲಿ ಹರಿಯುವುದು ಆರ್ಡ್ ನದಿ. ಅಣೆಕಟ್ಟು ಇಲ್ಲದ ಕಾಲದಲ್ಲಿ ಅದು ಮಳೆಗಾಲದಲ್ಲಿ ಭಯಂಕರವಾಗಿ ಉಕ್ಕುತ್ತಿತ್ತು, ಮಳೆಯಿಲ್ಲದ ತಿಂಗಳುಗಳಲ್ಲಿ ಮಡುಗಳ ಸಾಲಾಗಿ ಉಳಿಯುತ್ತಿತ್ತು. ನದಿಯ ಎರಡೂ ಕಡೆ ಬಯಲಿನಲ್ಲಿ ಕಪ್ಪು ಜೇಡಿ ಮಣ್ಣು. ಒಣಗಿದರೆ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ, ನೆನೆದರೆ ಕಾಲಿಗೆ ಅಂಟಿ ಬಿಡುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಎರೆ ಮಣ್ಣಿನ ಜಾತಿಗೇ ಸೇರಿದ್ದು. ಇಂಥ ಮಣ್ಣು, ಇಂಥ ನದಿ ಒಟ್ಟಿಗೆ ಕಂಡವರಿಗೆ ಇಲ್ಲಿ ನೀರಾವರಿ ಮಾಡಬಹುದಲ್ವಾ ಅನ್ನಿಸಿದ್ದು ಸಹಜ.

ಹಾಗೆ ಅನ್ನಿಸಿದವರಲ್ಲಿ ಕಿಂಬರ್ಲಿ ಡ್ಯುರಾಕ್ ಒಬ್ಬರು. ಡ್ಯುರಾಕ್ ಕುಟುಂಬ 1880ರ ದಶಕದಲ್ಲಿ ಕ್ವೀನ್ಸ್‌ಲ್ಯಾಂಡಿನಿಂದ ಸಾವಿರಾರು ದನಗಳನ್ನು ನಡೆಸಿಕೊಂಡು ಬಂದು ಈ ಪ್ರದೇಶದಲ್ಲಿ ನೆಲೆಯೂರಿತ್ತು. ಅದೇ ಮನೆತನದ ಈ ಕೃಷಿ ತಜ್ಞ 1940ರ ದಶಕದ ಆರಂಭದಲ್ಲಿ ಆರ್ಡ್ ದಂಡೆಯಲ್ಲಿ ಸಣ್ಣ ಪ್ರಯೋಗದ ತಾಕು ಮಾಡಿದರು. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಅದು ಸರ್ಕಾರಿ ಸಂಶೋಧನಾ ಕೇಂದ್ರವಾಗಿ ಬೆಳೆಯಿತು. ಆ ಕಾಲದ ಭಯವನ್ನೂ ನೆನಪಿಡಬೇಕು. 1942ರಲ್ಲಿ ಜಪಾನಿನ ವಿಮಾನಗಳು ಡಾರ್ವಿನ್, ಬ್ರೂಮ್, ವಿಂಡಮ್ ಮೇಲೆ ಬಾಂಬ್ ಹಾಕಿದ್ದವು. ಉತ್ತರ ಭಾಗ ಖಾಲಿ ಬಿದ್ದಿದೆ, ಅಲ್ಲಿ ಜನ ತುಂಬದಿದ್ದರೆ ಬೇರೆಯವರು ಬಂದು ಕೂರುತ್ತಾರೆ ಎಂಬ ಮಾತು ರಾಜಕಾರಣಿಗಳ ಬಾಯಲ್ಲಿ ಬಹಳ ಓಡಾಡಿತು. ಖಾಲಿ ಅನ್ನುವುದು ಸುಳ್ಳು. ಅಲ್ಲಿ ಮಿರಿವುಂಗ್ ಎಂಬ ಮೂಲನಿವಾಸಿ ಜನ ತಲೆತಲಾಂತರದಿಂದ ಇದ್ದರು. ಆದರೆ ಯೋಜನೆ ಬರೆದವರ ಲೆಕ್ಕದಲ್ಲಿ ಅವರು ಇರಲಿಲ್ಲ.

1960ರ ಹೊತ್ತಿಗೆ ಕೆಲಸ ಶುರುವಾಯಿತು. 1961ರಲ್ಲಿ ಕುನುನುರಾ ಅಧಿಕೃತವಾಗಿ ಊರಾಯಿತು. 1963ರಲ್ಲಿ ಮೊದಲ ಒಡ್ಡು ಮುಗಿದು, ಪ್ರಧಾನಿ ರಾಬರ್ಟ್ ಮೆನ್ಜೀಸ್ ಬಂದು ಉದ್ಘಾಟಿಸಿದರು. ಇದು ನೀರನ್ನು ಕಾಲುವೆಗೆ ತಿರುಗಿಸುವ ಒಡ್ಡು ಮಾತ್ರ. ದೊಡ್ಡ ಅಣೆಕಟ್ಟು ಬಂದದ್ದು ಆಮೇಲೆ. 1971ರಲ್ಲಿ ಅದು ಮುಗಿಯಿತು, 1972ರಲ್ಲಿ ಪ್ರಧಾನಿ ವಿಲಿಯಂ ಮ್ಯಾಕ್‌ಮಹೋನ್ ಉದ್ಘಾಟಿಸಿದರು. ಅದರ ಹಿಂದೆ ನಿಂತ ನೀರೇ ಆರ್ಗೈಲ್ ಸರೋವರ. 1990ರ ದಶಕದಲ್ಲಿ ಕೋಡಿಯನ್ನು 6 ಮೀಟರ್ ಎತ್ತರಿಸಿದ ಮೇಲೆ ಅದರ ಸಾಮರ್ಥ್ಯ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ಎಷ್ಟು ನೀರು ಅನ್ನುವುದನ್ನು ನಮ್ಮ ಅಳತೆಯಲ್ಲಿ ಹೇಳುತ್ತೇನೆ. ತುಂಬಿದಾಗ ಆರ್ಗೈಲ್‌ನಲ್ಲಿ ಸುಮಾರು 10,700 ಗಿಗಾಲೀಟರ್, ಅಂದರೆ ಹತ್ತಿರ ಹತ್ತಿರ 380 ಟಿಎಂಸಿ. ನಮ್ಮ ಕೆಆರ್‌ಎಸ್ 49 ಟಿಎಂಸಿ ಚಿಲ್ಲರೆ. ಆಲಮಟ್ಟಿ 123. ಮೂರು ಆಲಮಟ್ಟಿ ಒಂದೇ ಕಡೆ ನಿಂತ ಹಾಗೆ. ಈಗ ಅಚ್ಚುಕಟ್ಟು ನೋಡಿ. ಕೆಆರ್‌ಎಸ್‌ನ ವಿಶ್ವೇಶ್ವರಯ್ಯ ನಾಲೆಯೊಂದೇ ಮಂಡ್ಯ ಕಡೆ ಸುಮಾರು 2 ಲಕ್ಷ ಎಕರೆಗೆ ನೀರು ಕೊಡುತ್ತದೆ. ಆರ್ಡ್ ಯೋಜನೆಯ ಹಳೆಯ ಅಚ್ಚುಕಟ್ಟು, ಆಮೇಲೆ ಸೇರಿದ ಗೂಮಿಗ್ ಬಯಲು ಎರಡೂ ಸೇರಿದರೆ ಸುಮಾರು 22,000 ಹೆಕ್ಟೇರ್. ಎಕರೆಯಲ್ಲಿ 55,000 ಆಗುತ್ತದೆ. ಏಳೆಂಟು ಪಟ್ಟು ನೀರಿಟ್ಟುಕೊಂಡು ಕಾಲು ಭಾಗದಷ್ಟು ನೆಲ. ಶುರುವಿನಲ್ಲಿ ಇಟ್ಟುಕೊಂಡಿದ್ದ ಗುರಿ ಸುಮಾರು 70,000 ಹೆಕ್ಟೇರ್. ಅರವತ್ತು ವರ್ಷದಲ್ಲಿ ಅದರ ಮೂರನೇ ಒಂದು ಭಾಗದ ಹತ್ತಿರಕ್ಕೆ ಬಂದಿದ್ದಾರೆ.

ಹಾಗಾದರೆ ಎಡವಿದ್ದು ಎಲ್ಲಿ?

ಮೊದಲ ಬೆಳೆ ಹತ್ತಿ. 1963ರಲ್ಲಿ ಮೊದಲ ರೈತರು ಬಂದರು. ದಕ್ಷಿಣದ ಊರುಗಳಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಸರ್ಕಾರ ಕೊಟ್ಟ ಜಮೀನು ನಂಬಿಕೊಂಡು ಬಂದವರು. ಮೂರು ವರ್ಷದಲ್ಲಿ ಮೂವತ್ತರಷ್ಟು ಜಮೀನುಗಳು ಸಾಗುವಳಿಗೆ ಬಂದವು. ಮೊದಮೊದಲು ಬೆಳೆ ಚೆನ್ನಾಗಿಯೇ ಬಂತು. ಆಮೇಲೆ ಹುಳು ಬಿತ್ತು. ನಮ್ಮ ರೈತರು ಕಾಯಿಕೊರಕ ಅನ್ನುತ್ತಾರಲ್ಲ, ಅದೇ ಹುಳು. ಅದಕ್ಕೆ ಡಿಡಿಟಿ ಹೊಡೆದರು. ಹುಳು ಡಿಡಿಟಿಗೆ ಒಗ್ಗಿಕೊಂಡಿತು. ಇನ್ನೂ ಹೆಚ್ಚು ಹೊಡೆದರು. ಕೊನೆಕೊನೆಗೆ ಒಂದು ಹಂಗಾಮಿಗೆ ಮೂವತ್ತು ನಲವತ್ತು ಸಲ ಔಷಧ ಹೊಡೆಯುವ ಸ್ಥಿತಿ ಬಂತು. ಚಳಿಗಾಲವೇ ಇಲ್ಲದ ಜಾಗದಲ್ಲಿ ಹುಳಕ್ಕೆ ವರ್ಷವಿಡೀ ಹಬ್ಬ. ಅದೇ ಹೊತ್ತಿಗೆ ಸರ್ಕಾರ ಹತ್ತಿಗೆ ಕೊಡುತ್ತಿದ್ದ ಸಹಾಯಧನ ನಿಂತಿತು. 1974ಕ್ಕೆ ಹತ್ತಿ ಮುಗಿಯಿತು. ರೈತರು ಸಾಲದೊಂದಿಗೆ ವಾಪಸ್ ಹೋದರು. ಡಿಡಿಟಿ ಮಾತ್ರ ಹೋಗಲಿಲ್ಲ. ಸಿಂಪಡಣೆ ನಿಂತು ಎಷ್ಟೋ ದಶಕವಾದ ಮೇಲೂ ಅಲ್ಲಿನ ಮೊಸಳೆಗಳ ದೇಹದಲ್ಲಿ ಅದರ ಅಂಶ ಸಿಕ್ಕಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ದೊಡ್ಡ ಅಣೆಕಟ್ಟು ಉದ್ಘಾಟನೆಯಾಗುವ ಹೊತ್ತಿಗೆ ಹತ್ತಿ ಆಗಲೇ ಸೋಲುತ್ತಿತ್ತು. ಬ್ರೂಸ್ ಡೇವಿಡ್‌ಸನ್ ಎಂಬ ಕೃಷಿ ಅರ್ಥಶಾಸ್ತ್ರಜ್ಞ 1960ರ ದಶಕದಲ್ಲೇ ಲೆಕ್ಕ ಹಾಕಿ ಎಚ್ಚರಿಸಿದ್ದರು. ಉತ್ತರದಲ್ಲಿ ಬೆಳೆ ಬೆಳೆಯಲು ಸಾಧ್ಯ, ಆದರೆ ದಕ್ಷಿಣದಲ್ಲಿ ಕಡಿಮೆ ಖರ್ಚಿನಲ್ಲಿ ಬೆಳೆಯುವುದನ್ನು ಇಲ್ಲಿ ದುಬಾರಿ ಖರ್ಚಿನಲ್ಲಿ ಯಾಕೆ ಬೆಳೆಯಬೇಕು ಎಂಬುದು ಅವರ ವಾದದ ತಿರುಳು. ಅವರ ಮಾತನ್ನು ಆಗ ದೇಶದ್ರೋಹದಂತೆ ನೋಡಿದವರೂ ಇದ್ದರು. ರಾಜ್ಯದ ಮಂತ್ರಿಯಾಗಿದ್ದು ಮುಂದೆ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಆದ ಚಾರ್ಲ್ಸ್ ಕೋರ್ಟ್ ಯೋಜನೆಯ ಬೆನ್ನಿಗೆ ಗಟ್ಟಿಯಾಗಿ ನಿಂತಿದ್ದರು. 1967ರಲ್ಲಿ ಕೇಂದ್ರ ಸರ್ಕಾರ ದೊಡ್ಡ ಅಣೆಕಟ್ಟಿಗೆ ಹಣ ಕೊಡಲು ಒಪ್ಪಿತು. ಸೆನೆಟ್ ಚುನಾವಣೆ ಎದುರಿಗಿದ್ದ ವರ್ಷ ಅದು. ಅಣೆಕಟ್ಟು ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಯ ಫೋಟೋ ಬರುತ್ತದೆ. ಸಾಗಾಟದ ಖರ್ಚು ಯಾವ ಫೋಟೋದಲ್ಲೂ ಬರುವುದಿಲ್ಲ.

ಸಾಗಾಟದ ಮಾತಿಗೇ ಬರೋಣ. ಇಲ್ಲಿ ಬೆಳೆದ ಕುಂಬಳ, ಕಲ್ಲಂಗಡಿ, ಮಾವು ಲಾರಿಯಲ್ಲಿ 3,000 ಕಿಲೋಮೀಟರ್ ಹೋಗಿ ಪರ್ತ್ ಸೇರಬೇಕು. ಬೆಂಗಳೂರಿನಿಂದ ದೆಹಲಿಗೆ ಹೋಗಿ, ಅಲ್ಲಿಂದ ಮತ್ತೆ ಹೆಚ್ಚುಕಡಿಮೆ ಮುಂಬೈಗೆ ಇಳಿದಷ್ಟು ದೂರ. ಗೊಬ್ಬರ, ಡೀಸೆಲ್, ಟ್ರ್ಯಾಕ್ಟರಿನ ಬಿಡಿಭಾಗ ಅದೇ ದಾರಿಯಲ್ಲಿ ಬರಬೇಕು. ಮಳೆಗಾಲದಲ್ಲಿ ಪ್ರವಾಹ ಬಂದರೆ ರಸ್ತೆಯೇ ಇರುವುದಿಲ್ಲ. 2023ರ ಜನವರಿಯಲ್ಲಿ ಫಿಟ್ಸ್‌ರಾಯ್ ಕ್ರಾಸಿಂಗ್ ಎಂಬಲ್ಲಿ ಹೆದ್ದಾರಿ ಸೇತುವೆಯೇ ಹಾಳಾಗಿ ಕಿಂಬರ್ಲಿಯ ಪೂರ್ವ ಪಶ್ಚಿಮಗಳ ನಡುವಿನ ನೇರ ದಾರಿ ಕಡಿದುಹೋಯಿತು. ಇಷ್ಟು ದೂರ ಹೋಗುವ ಸರಕು ಒಂದೋ ಬಹಳ ಬೆಲೆಬಾಳಬೇಕು, ಇಲ್ಲವೇ ಊರಲ್ಲೇ ಸಂಸ್ಕರಿಸಿ ತೂಕ ಇಳಿಸಬೇಕು. ಸಂಸ್ಕರಿಸಬೇಕು ಅಂದರೆ ಕಾರ್ಖಾನೆ ಬೇಕು. ಕಾರ್ಖಾನೆಗೆ ಕನಿಷ್ಠ ಇಷ್ಟು ಸಾವಿರ ಹೆಕ್ಟೇರ್ ಬೆಳೆ ಬೇಕೇ ಬೇಕು. ಕುನುನುರಾದ ಕಥೆಯನ್ನು ಅರ್ಥಮಾಡಿಕೊಳ್ಳಲು ಈ ಒಂದು ಸರಪಳಿ ಸಾಕು.

ಕಬ್ಬಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1995ರಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಇಳುವರಿ ಚೆನ್ನಾಗಿತ್ತು. ಆದರೆ ಕಬ್ಬಿನ ವಿಸ್ತೀರ್ಣ ಕೆಲವೇ ಸಾವಿರ ಹೆಕ್ಟೇರಿನಲ್ಲಿ ನಿಂತಿತು. ಕಾರ್ಖಾನೆ ಲಾಭದಲ್ಲಿ ನಡೆಯಲು ಅದು ಸಾಲದು. ವೆಸ್‌ಫಾರ್ಮರ್ಸ್ ಮತ್ತು ಜಪಾನಿನ ಮರುಬೇನಿ ಕಂಪನಿಗಳು ಸೇರಿ ಹೊಸ ಬಯಲಿನಲ್ಲಿ ಭಾರಿ ಕಬ್ಬಿನ ಯೋಜನೆ ಹಾಕಿದ್ದವು. ಲೆಕ್ಕ ಹಾಕಿ ನೋಡಿ ಅದನ್ನು ಕೈಬಿಟ್ಟವು. ಸಕ್ಕರೆಯ ಬೆಲೆ ಬಿತ್ತು, ರೈತರು ಬೇರೆ ಬೆಳೆಗೆ ಹೊರಳಿದರು, 2007ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದ ಮೇಲೆ ಉಳಿದ ರೈತರೂ ಕಬ್ಬು ಬೆಳೆಯುವಂತಿಲ್ಲ. ಮಂಡ್ಯದಲ್ಲಿ ಮೈಶುಗರ್ ನಿಂತ ವರ್ಷಗಳಲ್ಲಿ ರೈತರು ಬೇರೆ ಕಾರ್ಖಾನೆಗಾದರೂ ಕಬ್ಬು ಸಾಗಿಸಬಹುದಿತ್ತು. ಕುನುನುರಾದ ಸುತ್ತ ಬೇರೆ ಕಾರ್ಖಾನೆಯೇ ಇಲ್ಲ.

ಕಬ್ಬಿನ ಜಾಗಕ್ಕೆ ಬಂದದ್ದು ಶ್ರೀಗಂಧ. ಈ ಭಾಗ ನಮಗೆ ತೀರಾ ಹತ್ತಿರದ್ದು, ಸ್ವಲ್ಪ ವಿವರವಾಗಿ ನೋಡಬೇಕು.

ಮೈಸೂರು ಸೀಮೆಯಲ್ಲಿ ಗಂಧದ ಮರ ರಾಜರ ಸ್ವತ್ತು. ಟಿಪ್ಪು ಕಾಲದಿಂದ, ಅಂದರೆ 1792ರಿಂದ ಆ ಪದ್ಧತಿ. ಬ್ರಿಟಿಷರ ಕಾಲದಲ್ಲೂ, ಸ್ವಾತಂತ್ರ್ಯದ ನಂತರವೂ ಅದೇ ಮುಂದುವರಿಯಿತು. ನಮ್ಮ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ನಮ್ಮದಲ್ಲ. ಹಾಗಿದ್ದ ಮೇಲೆ ರೈತ ಅದನ್ನು ಯಾಕೆ ಬೆಳೆಸುತ್ತಾನೆ? ಸಸಿ ಕಂಡರೆ ಕಿತ್ತು ಹಾಕುವುದೇ ನೆಮ್ಮದಿ ಅನ್ನುವ ಸ್ಥಿತಿ ಇತ್ತು. ಕಾಡಿನಲ್ಲಿದ್ದ ಮರ ಕಳ್ಳರ ಪಾಲಾಯಿತು, ಉಳಿದವಕ್ಕೆ ಸ್ಪೈಕ್ ರೋಗ ತಗುಲಿತು. 2001ರಲ್ಲಿ ಕರ್ನಾಟಕ ಸರ್ಕಾರ ಕಾನೂನು ತಿದ್ದಿ ಬೆಳೆದವನಿಗೇ ಮರದ ಹಕ್ಕು ಕೊಡುವ ಹೊತ್ತಿಗೆ ಭಾರತದ ಗಂಧದ ಉತ್ಪಾದನೆ ಪಾತಾಳಕ್ಕೆ ಇಳಿದಿತ್ತು, ಬೆಲೆ ಆಕಾಶಕ್ಕೆ ಏರಿತ್ತು. ಆ ಖಾಲಿ ಜಾಗವನ್ನು ಕುನುನುರಾ ಕಣ್ಣಿಟ್ಟು ನೋಡಿತು.

1980ರ ದಶಕದಲ್ಲೇ ಅಲ್ಲಿ ಭಾರತದ ಶ್ರೀಗಂಧದ ಪ್ರಯೋಗ ಶುರುವಾಗಿತ್ತು. ಆಸ್ಟ್ರೇಲಿಯಾಕ್ಕೆ ತನ್ನದೇ ಗಂಧದ ಜಾತಿಯೊಂದಿದೆ, ಆದರೆ ಎಣ್ಣೆಯ ಗುಣದಲ್ಲಿ ಅದು ನಮ್ಮದಕ್ಕೆ ಸಮನಲ್ಲ. ಹಾಗಾಗಿ ನಮ್ಮ ಜಾತಿಯನ್ನೇ ಆರ್ಡ್ ಬಯಲಿಗೆ ತಂದರು. ಶ್ರೀಗಂಧ ಒಂಟಿಯಾಗಿ ಬೆಳೆಯುವ ಮರವಲ್ಲ, ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಂಡು ನೀರು, ಸಾರ ಹೀರುತ್ತದೆ. ಅದಕ್ಕೆ ಬೇಕಾದ ಆಸರೆ ಗಿಡಗಳನ್ನು ಸಾಲಾಗಿ ನೆಟ್ಟು, ಕಾಲುವೆ ನೀರು ಹಾಯಿಸಿ, 15 ವರ್ಷದ ಆಸುಪಾಸಿನಲ್ಲಿ ಕಟಾವು ಮಾಡುವ ಪದ್ಧತಿಯನ್ನು ಬೆಳೆಸಿದರು. ಕಾಡಿನಲ್ಲಿ ಮೂವತ್ತು ನಲವತ್ತು ವರ್ಷ ಬೇಕಾಗುವ ಚೇಗು ಇಲ್ಲಿ ಅರ್ಧ ಕಾಲದಲ್ಲಿ ಸಿಗುತ್ತದೆ ಎಂಬುದು ಲೆಕ್ಕ. ಕೃಷಿ ವಿಜ್ಞಾನದ ದೃಷ್ಟಿಯಿಂದ ಇದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಅದಕ್ಕೆ ಹಣ ಬಂದ ದಾರಿ ಬೇರೆ. ಟಿಎಫ್‌ಎಸ್ ಎಂಬ ಕಂಪನಿ 1990ರ ದಶಕದ ಕೊನೆಯಲ್ಲಿ ಗಂಧ ನೆಡಲು ಶುರು ಮಾಡಿತು. ದುಡ್ಡು ಹಾಕಿದವರು ಹೆಚ್ಚಾಗಿ ನಗರದ ಹೂಡಿಕೆದಾರರು. ಆಗಿನ ತೆರಿಗೆ ನಿಯಮದ ಪ್ರಕಾರ ಇಂಥ ತೋಟದ ಯೋಜನೆಗೆ ಹಾಕಿದ ಹಣವನ್ನು ಅದೇ ವರ್ಷದ ಆದಾಯದಿಂದ ಕಳೆದು ತೋರಿಸಬಹುದಿತ್ತು. ಮರ ಬೆಳೆಯಲಿ ಬಿಡಲಿ, ತೆರಿಗೆ ಉಳಿತಾಯ ಮೊದಲ ವರ್ಷವೇ ಗ್ಯಾರಂಟಿ. ಕಂಪನಿಗೆ ಪ್ರತಿ ವರ್ಷ ಹೊಸ ಹೂಡಿಕೆದಾರರು ಬೇಕು, ಅದಕ್ಕಾಗಿ ಪ್ರತಿ ವರ್ಷ ಹೊಸ ಜಮೀನು ಬೇಕು. ಹೀಗೆ ಆರ್ಡ್ ಬಯಲಿನ ಒಳ್ಳೆಯ ನೀರಾವರಿ ಜಮೀನು ಗಂಧದ ಪಾಲಾಗುತ್ತಾ ಹೋಯಿತು. ಕಬ್ಬಿನ ವಿಸ್ತೀರ್ಣ ಕುಸಿಯಲು ಇದೂ ಒಂದು ಕಾರಣ. ಒಂದು ಕಾರ್ಖಾನೆಯ ಕಬ್ಬನ್ನು ತೆರಿಗೆ ಉಳಿಸುವ ಮರ ನುಂಗಿತು ಅನ್ನಬಹುದು. ಇದೇ ತರಹದ ಯೋಜನೆ ನಡೆಸುತ್ತಿದ್ದ ಟಿಂಬರ್‌ಕಾರ್ಪ್, ಗ್ರೇಟ್ ಸದರ್ನ್ ಕಂಪನಿಗಳು 2009ರಲ್ಲೇ ಮುಳುಗಿದ್ದವು. ಆದರೂ ಗಂಧದ ಮೇಲಿನ ನಂಬಿಕೆ ಹೋಗಲಿಲ್ಲ.

2014ರಲ್ಲಿ ಮೊದಲ ದೊಡ್ಡ ಕಟಾವು. 2017ರಲ್ಲಿ ಟಿಎಫ್‌ಎಸ್ ತನ್ನ ಹೆಸರನ್ನು ಕ್ವಿಂಟಿಸ್ ಎಂದು ಬದಲಾಯಿಸಿಕೊಂಡಿತು. ಅದೇ ವರ್ಷ ಗ್ಲಾಕಸ್ ಎಂಬ ಅಮೆರಿಕದ ಸಂಸ್ಥೆ, ಷೇರು ಬೀಳುತ್ತದೆ ಅಂತ ಬಾಜಿ ಕಟ್ಟಿಯೇ ವರದಿ ಬರೆಯುವ ಸಂಸ್ಥೆ ಅದು, ಕಂಪನಿಯ ಲೆಕ್ಕಾಚಾರವನ್ನು ಕಟುವಾಗಿ ಪ್ರಶ್ನಿಸಿತು. ಒಬ್ಬ ಮುಖ್ಯ ಖರೀದಿದಾರನ ಒಪ್ಪಂದ ಕೈತಪ್ಪಿದ್ದೂ ಬಯಲಾಯಿತು. ಷೇರು ನೆಲ ಕಚ್ಚಿತು. 2018ರ ಜನವರಿಯಲ್ಲಿ ಕಂಪನಿ ಸಾಲ ಕೊಟ್ಟವರ ಕೈಗೆ ಹೋಯಿತು. ಹೊಸ ಬಂಡವಾಳದೊಂದಿಗೆ ಎದ್ದು ನಿಂತು, 2024ರಲ್ಲಿ ಮತ್ತೆ ಬಿತ್ತು. ಈಗ ಕೆಲವೆಡೆ ಗಂಧದ ಮರಗಳನ್ನು ಬುಲ್ಡೋಜರಿನಿಂದ ಕಿತ್ತು ಬೇರೆ ಬೆಳೆಗೆ ಜಮೀನು ತೆರವು ಮಾಡುತ್ತಿದ್ದಾರೆ. ಮೈಸೂರಿನಲ್ಲಿ ಒಂದು ಮರಕ್ಕಾಗಿ ಪೊಲೀಸ್ ಕೇಸು ನಡೆಯುತ್ತಿದ್ದ ಜಾತಿಯದು ಅದು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮಲ್ಲೂ ಈಗ ಎಕರೆಗೆ ಕೋಟಿ ಕೋಟಿ ಎಂದು ಶ್ರೀಗಂಧದ ಲೇಔಟ್ ಮಾರುವವರು ಬಹಳ ಜನ ಇದ್ದಾರೆ. ವಾರಾಂತ್ಯದ ತೋಟ, ಹದಿನೈದು ವರ್ಷದ ನಂತರ ಕೋಟ್ಯಧೀಶ್ವರ ಅಂತ ಜಾಹೀರಾತು. ಅವರ ಮಾತು ಕೇಳುವ ಮುಂಚೆ ಕುನುನುರಾದ ಕಡೆ ಒಮ್ಮೆ ನೋಡಬೇಕು. ಅಲ್ಲಿ ನೀರಿತ್ತು, ತಜ್ಞರಿದ್ದರು, ಕಳ್ಳರ ಕಾಟ ಇರಲಿಲ್ಲ, ಕಾನೂನಿನ ಅಡ್ಡಿ ಇರಲಿಲ್ಲ. ಮರವೂ ಬೆಳೆಯಿತು. ಸೋತದ್ದು ಹದಿನೈದು ವರ್ಷ ಮುಂದಿನ ಬೆಲೆಯನ್ನು ಇವತ್ತೇ ಲಾಭದ ಖಾತೆಗೆ ಬರೆದುಕೊಂಡ ಲೆಕ್ಕ.

ಇಷ್ಟು ಹೊತ್ತು ಬೆಳೆಯ ಮಾತಾಯಿತು. ಆ ನೆಲ ಯಾರದ್ದು?

ಆರ್ಗೈಲ್ ಸರೋವರ ತುಂಬಿದಾಗ ಮುಳುಗಿದ್ದು ಮಿರಿವುಂಗ್ ಜನರ ನೆಲ. ಅವರ ಪವಿತ್ರ ಜಾಗಗಳು, ಹಿರಿಯರ ಸಮಾಧಿಗಳು, ಬೇಟೆಯ ದಾರಿಗಳು ನೀರಿನಡಿ ಹೋದವು. ಯಾರೂ ಅವರನ್ನು ಕೇಳಲಿಲ್ಲ, ಪರಿಹಾರವೂ ಕೊಡಲಿಲ್ಲ. ಅದೇ ನೀರಿನಲ್ಲಿ ಮುಳುಗಬೇಕಿದ್ದ ಇನ್ನೊಂದು ಕಟ್ಟಡವಿತ್ತು, ಡ್ಯುರಾಕ್ ಕುಟುಂಬದ ಆರ್ಗೈಲ್ ಮನೆ. ಅದರ ಕಲ್ಲುಗಳನ್ನು ಬಿಚ್ಚಿ, ಎತ್ತರದ ಜಾಗಕ್ಕೆ ಸಾಗಿಸಿ, ಮತ್ತೆ ಕಟ್ಟಿ ಮ್ಯೂಸಿಯಂ ಮಾಡಿದರು. ಎರಡೂ ನಡೆದದ್ದು ಒಂದೇ ದಶಕದಲ್ಲಿ. ಆ ಯೋಜನೆ ಯಾರ ನೆನಪಿಗೆ ಬೆಲೆ ಕೊಟ್ಟಿತು, ಯಾರದ್ದಕ್ಕೆ ಕೊಡಲಿಲ್ಲ ಎಂಬುದು ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಹೊಡೆತವೂ ಬಿತ್ತು. ಕಿಂಬರ್ಲಿಯ ದನದ ದೊಡ್ಡಿಗಳು ನಡೆಯುತ್ತಿದ್ದದ್ದು ಮೂಲನಿವಾಸಿಗಳ ದುಡಿಮೆಯ ಮೇಲೆ. ಹಿಟ್ಟು, ಸಕ್ಕರೆ, ಚಹಾ ಕೊಟ್ಟು ದುಡಿಸಿಕೊಳ್ಳುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಅವರಿಗೂ ಸಮಾನ ಕೂಲಿ ಕೊಡಬೇಕು ಎಂಬ ತೀರ್ಪು ಜಾರಿಗೆ ಬಂದಾಗ ಬಹಳ ಜನ ಮಾಲೀಕರು ಅವರನ್ನು ಹೊರಗೆ ಕಳಿಸಿದರು. ಹೊಸದಾಗಿ ಎದ್ದ ಕುನುನುರಾದ ಅಂಚಿನಲ್ಲಿ ಅವರು ಬಂದು ಬಿದ್ದರು. ತಮ್ಮದೇ ನೆಲದಲ್ಲಿ, ಬೇರೆಯವರ ಊರಿನ ಹೊರಗೆ. ಆ ಊರಿನ ರಸ್ತೆಗಳಲ್ಲಿ ಇವತ್ತು ಕಾಣುವ ಬಡತನ, ಕಿಕ್ಕಿರಿದ ಮನೆಗಳು, ರಾತ್ರಿ ಅಲೆಯುವ ಮಕ್ಕಳ ಬಗ್ಗೆ ದೂರು ಎಲ್ಲದರ ಬೇರು ಇಲ್ಲಿದೆ. ಅದನ್ನು ಸುಮ್ನೆ ಕಾನೂನು ಸುವ್ಯವಸ್ಥೆಯ ಸಮಸ್ಯೆ ಅಂತ ನೋಡುವುದು ಅನ್ಯಾಯ.

ಮಿರಿವುಂಗ್ ಮತ್ತು ನೆರೆಯ ಗಜೆರಾಂಗ್ ಜನ 1994ರಲ್ಲಿ ನೆಲದ ಹಕ್ಕಿಗಾಗಿ ಕೋರ್ಟಿಗೆ ಹೋದರು. ವಾರ್ಡ್ ಕೇಸು ಎಂದೇ ಅದು ಹೆಸರಾಯಿತು. 2002ರಲ್ಲಿ ದೇಶದ ಹೈಕೋರ್ಟ್, ಅಂದರೆ ಅವರ ಸರ್ವೋಚ್ಚ ನ್ಯಾಯಾಲಯ, ತೀರ್ಪು ಕೊಟ್ಟಿತು. 2003ರಲ್ಲಿ ಒಪ್ಪಂದದ ಮೂಲಕ ಅವರ ಹಕ್ಕಿಗೆ ಮನ್ನಣೆ ಸಿಕ್ಕಿತು. ಇದರ ಪರಿಣಾಮ ನೇರವಾಗಿ ನೀರಾವರಿಯ ಮೇಲಾಯಿತು. ಅಚ್ಚುಕಟ್ಟು ವಿಸ್ತರಿಸಬೇಕಾದರೆ ಸರ್ಕಾರ ಈಗ ಅವರ ಒಪ್ಪಿಗೆ ಪಡೆಯಲೇಬೇಕಾಯಿತು. 2005ರ ಆರ್ಡ್ ಅಂತಿಮ ಒಪ್ಪಂದ ಹಾಗೆ ಬಂತು. ಅದರ ಮೊತ್ತ ಸುಮಾರು 57 ಮಿಲಿಯನ್ ಡಾಲರ್. ಜಮೀನು, ಹಣ, ಸಂರಕ್ಷಿತ ಪ್ರದೇಶಗಳ ಜಂಟಿ ಆಡಳಿತ, ಎಂಜಿ ಕಾರ್ಪೊರೇಷನ್ ಎಂಬ ಅವರದೇ ಸಂಸ್ಥೆ ಎಲ್ಲ ಅದರ ಭಾಗ. ಊರು ಹುಟ್ಟಿ ನಲವತ್ತು ವರ್ಷಕ್ಕೆ ಮೊದಲ ಸಲ ಅವರನ್ನು ಎದುರು ಕೂರಿಸಿಕೊಂಡು ಮಾತಾಡಿದರು. ಊರಿನ ಮಿರಿಮಾ ಭಾಷಾ ಕೇಂದ್ರದಲ್ಲಿ ಚಿಕ್ಕ ಮಕ್ಕಳಿಗೆ ಮಿರಿವುಂಗ್ ಕಲಿಸುವ ಕೆಲಸವೂ ನಡೆದಿದೆ. ಅದನ್ನು ಸರಾಗವಾಗಿ ಆಡುವ ಹಿರಿಯರು ಈಗ ಬಹಳ ಕಡಿಮೆ.

ಒಪ್ಪಂದದ ನಂತರ ಎರಡನೇ ಹಂತ. 2009ರಿಂದ ಗೂಮಿಗ್ ಬಯಲಿಗೆ ಕಾಲುವೆ, ರಸ್ತೆ ಮಾಡಿದರು. ರಾಜ್ಯ ಸರ್ಕಾರ ಮೊದಲು ಹೇಳಿದ್ದು 220 ಮಿಲಿಯನ್ ಡಾಲರ್, ಕೊನೆಗೆ ಆದದ್ದು 334 ಮಿಲಿಯನ್. ಕೇಂದ್ರ ಸರ್ಕಾರ ಶಾಲೆ, ಆಸ್ಪತ್ರೆ, ಮನೆಗಳಿಗೆಂದು 195 ಮಿಲಿಯನ್ ಕೊಟ್ಟಿತು. ಒಟ್ಟು 529 ಮಿಲಿಯನ್. 2016ರಲ್ಲಿ ರಾಜ್ಯದ ಮಹಾ ಲೆಕ್ಕಪರಿಶೋಧಕರು ಇದನ್ನು ಪರಿಶೀಲಿಸಿ, ಹೇಳಿದ್ದ ಸಾಮಾಜಿಕ, ಆರ್ಥಿಕ ಲಾಭ ಇನ್ನೂ ಬಂದಿಲ್ಲ, ಅದನ್ನು ಅಳೆಯುವ ಸರಿಯಾದ ಏರ್ಪಾಡೂ ಇಲ್ಲ ಅಂದರು. ಕಾಲುವೆ ತೋಡುವಾಗ ಮೂಲನಿವಾಸಿಗಳಿಗೆ ಕೆಲಸ ಸಿಕ್ಕಿತ್ತು. ಕಾಮಗಾರಿ ಮುಗಿಯುತ್ತಲೇ ಆ ಕೆಲಸಗಳೂ ಹೋದವು. ಆರ್ಗೈಲ್ ವಜ್ರದ ಗಣಿಯೂ 2020ರಲ್ಲಿ ಮುಚ್ಚಿತು. ಜಗತ್ತಿನ ಗುಲಾಬಿ ವಜ್ರಗಳಲ್ಲಿ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಊರಿಗಿದ್ದ ಇನ್ನೊಂದು ಆಸರೆಯೂ ಹೋಯಿತು.

ಗೂಮಿಗ್ ಜಮೀನನ್ನು ಅಭಿವೃದ್ಧಿ ಮಾಡಲು ಸರ್ಕಾರ ಆರಿಸಿಕೊಂಡದ್ದು ಕೆಎಐ ಎಂಬ ಕಂಪನಿಯನ್ನು. ಅದರ ಮಾಲೀಕರು ಚೀನಾದ ಶಾಂಘೈ ಝೋಂಗ್‌ಫು. ಮೊದಲು ಅವರ ಯೋಜನೆಯಲ್ಲಿ ಮತ್ತೆ ಸಕ್ಕರೆ ಕಾರ್ಖಾನೆ ಇತ್ತು. ಲೆಕ್ಕ ಕೂಡದೆ ಅದನ್ನು ಬಿಟ್ಟು ಹತ್ತಿಯ ಕಡೆ ಹೊರಳಿದರು.

ಹೀಗೆ ಹೊಸ ಜಿನ್ನಿಂಗ್ ಮಿಲ್‌ವರೆಗೆ ಬಂದೆವು. ಈ ಸಲದ ಹತ್ತಿ 1963ರ ಹತ್ತಿಯಲ್ಲ. ಹುಳುವಿಗೆ ವಿಷವಾಗುವ ಬಿಟಿ ವಂಶವಾಹಿ ಅದರೊಳಗೇ ಇದೆ. ಹಿಂದಿನ ಮೂವತ್ತು ನಲವತ್ತು ಸಿಂಪಡಣೆಯ ಜಾಗದಲ್ಲಿ ಈಗ ಕೆಲವೇ ಸಾಕಾಗುತ್ತವೆ. ಬಿತ್ತನೆಯ ಕಾಲವನ್ನೂ ಬದಲಾಯಿಸಿದ್ದಾರೆ. ಮಳೆಗಾಲದ ಕೊನೆಯ ಭಾಗದಲ್ಲಿ ಬಿತ್ತಿ, ಒಣ ಹವೆಯಲ್ಲಿ ಬಿಡಿಸುತ್ತಾರೆ. ಮಿಲ್ ಬರುವ ಮೊದಲು ಹತ್ತಿಯನ್ನು ಬೀಜ ಸಮೇತ ಸಾವಿರಾರು ಕಿಲೋಮೀಟರ್ ದೂರದ ಕ್ವೀನ್ಸ್‌ಲ್ಯಾಂಡಿಗೆ ಲಾರಿಯಲ್ಲಿ ಕಳಿಸಬೇಕಿತ್ತು. ಅರ್ಧಕ್ಕಿಂತ ಹೆಚ್ಚು ತೂಕ ಹತ್ತಿಕಾಳಿನದೇ. ಈಗ ಅರಳೆ ಮಾತ್ರ ಬೇಲ್ ಕಟ್ಟಿ ಹೊರಗೆ ಹೋದರೆ ಸಾಕು. ವಿಂಡಮ್ ಬಂದರು ನೂರು ಕಿಲೋಮೀಟರ್ ದೂರದಲ್ಲೇ ಇದೆ. ಹತ್ತಿಕಾಳಿಗೆ ಗಿರಾಕಿ ಊರ ಸುತ್ತಲೇ ಇದ್ದಾರೆ. ಮಳೆಯಿಲ್ಲದ ತಿಂಗಳುಗಳಲ್ಲಿ ಒಣಹುಲ್ಲು ತಿಂದು ಸೊರಗುವ ದನಗಳಿಗೆ ಅದು ಒಳ್ಳೆಯ ಮೇವು. ಹಿಂದಿನ ಬೆಳೆಗಳಿಗೆ ಹೀಗೆ ಮನೆಬಾಗಿಲಲ್ಲೇ ಕೊಳ್ಳುವವರು ಕಡಿಮೆ. ಇದೊಂದು ಕಾರಣಕ್ಕೆ ಈ ಸಲ ನಿಲ್ಲಬಹುದು ಎಂದು ನನಗೂ ಅನ್ನಿಸುತ್ತದೆ.

ಭಯ ಇರುವುದು ಎರಡು ಕಡೆ. ಒಂದು, ಬಿಟಿಗೂ ಹುಳು ಒಗ್ಗಿಕೊಳ್ಳುತ್ತದೆ. ನಮ್ಮ ರಾಯಚೂರು, ಹಾವೇರಿ ರೈತರು ಗುಲಾಬಿ ಕಾಯಿಕೊರಕದಿಂದ ಇದನ್ನು ಸ್ವತಃ ಅನುಭವಿಸಿದ್ದಾರೆ. ಆಸ್ಟ್ರೇಲಿಯಾದಲ್ಲಿ ಬಿಟಿಗೆ ಒಗ್ಗದ ಹುಳುಗಳೂ ಉಳಿಯಲಿ ಅಂತ ಹೊಲದ ಒಂದು ಭಾಗದಲ್ಲಿ ಹುಳುವಿಗೆಂದೇ ಬಿಟಿ ಇಲ್ಲದ ಬೆಳೆ ಬಿಡುವ ನಿಯಮ ಕಟ್ಟುನಿಟ್ಟಾಗಿದೆ. ಅದನ್ನು ಎಷ್ಟು ದಿನ ಬಿಗಿಯಾಗಿ ಪಾಲಿಸುತ್ತಾರೋ ಅಷ್ಟು ದಿನ ಹತ್ತಿಗೆ ಆಯಸ್ಸು. ಎರಡನೆಯದು ಮತ್ತೆ ಅದೇ ಕಾರ್ಖಾನೆಯ ಹಸಿವು. ಜಿನ್ ಓಡಲು ಪ್ರತಿ ವರ್ಷ ಇಷ್ಟು ಬೇಲ್ ಹತ್ತಿ ಬರಲೇಬೇಕು. ಈಗಿರುವ ಜಮೀನಿನಲ್ಲಿ ಅಷ್ಟು ಬೆಳೆಯದಿದ್ದರೆ ಹೊಸ ಜಮೀನು ತೆಗೆಯಿರಿ ಎಂಬ ಒತ್ತಡ ಶುರುವಾಗುತ್ತದೆ. ಗಡಿಯಾಚೆಯ ಕೀಪ್ ನದಿಯ ಬಯಲಿನ ಮೇಲೆ ಆಗಲೇ ಕಣ್ಣಿದೆ. ಅಣೆಕಟ್ಟಿನಲ್ಲಿ ನೀರಿದೆ, ಸುಮ್ಮನೆ ಸಮುದ್ರಕ್ಕೆ ಹೋಗುತ್ತಿದೆ ಎಂಬ ಹಳೆಯ ಮಾತು ಮತ್ತೆ ಕೇಳುತ್ತದೆ. ಆ ನೀರು ಸುಮ್ಮನೆ ಹೋಗುತ್ತಿಲ್ಲ. ಕೆಳಗಿನ ಆರ್ಡ್ ನದಿ, ಅದರ ಮೀನು, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 1990ರಲ್ಲೇ ಸೇರಿದ ಜೌಗು ನೆಲ, ಜಲವಿದ್ಯುತ್ ಎಲ್ಲ ಅದರ ಮೇಲೆ ನಿಂತಿವೆ.

ನನ್ನ ಅಭಿಪ್ರಾಯ ಇಷ್ಟೇ. ಗಂಧದ ತೋಪು ಹೋಗಿ ತೆರವಾಗುತ್ತಿರುವ ಜಮೀನಿಗೆ ಕಾಲುವೆ ಇದೆ, ರಸ್ತೆ ಇದೆ, ಎರಡಕ್ಕೂ ಜನರ ತೆರಿಗೆ ಹಣ ಆಗಲೇ ಹೋಗಿದೆ. ಮಿಲ್‌ನ ಹಸಿವನ್ನು ಮೊದಲು ಅಲ್ಲಿ ತೀರಿಸಲಿ. ಆ ಜಮೀನು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಸಾಲ ಕೊಟ್ಟವರ ಹರಾಜಿಗೆ ಮಾತ್ರ ಬಿಡಬಾರದು. ಎಂಜಿ ಕಾರ್ಪೊರೇಷನ್‌ಗೆ ಕೊಳ್ಳುವ ಅವಕಾಶ ಸಿಗಬೇಕು, ಸಾಗುವಳಿಗೆ ಬಂಡವಾಳ ಸಿಗಬೇಕು. ಮಿಲ್‌ನಲ್ಲಿ, ಹೊಲದಲ್ಲಿ ಎಷ್ಟು ಮಿರಿವುಂಗ್ ಜನರಿಗೆ ಕಾಯಂ ಕೆಲಸ ಸಿಕ್ಕಿತು ಎಂಬ ಲೆಕ್ಕವನ್ನು ಪ್ರತಿ ವರ್ಷ ಬಹಿರಂಗ ಮಾಡಬೇಕು. 2016ರಲ್ಲಿ ಲೆಕ್ಕಪರಿಶೋಧಕರಿಗೆ ಸಿಗದೇ ಹೋದದ್ದು ಇಂಥ ಲೆಕ್ಕವೇ. ಇದಿಷ್ಟೂ ಆಗುವವರೆಗೆ ಕೀಪ್ ಬಯಲಿನಲ್ಲಿ ಒಂದು ಹೊಸ ಕಾಲುವೆಯನ್ನೂ ತೋಡಬಾರದು.